ಕಿರ್ಷ್ನರ್‌ನ ‘ಬೀದಿ, ಡ್ರೆಸ್ಡೆನ್’ ಚಿತ್ರವನ್ನು ಕೈಯಲ್ಲಿ ನಕಲು ಮಾಡುವುದು: ಅಳತೆ, ಗುಲಾಬಿ, ಹೊಳಪಿಲ್ಲದ ಮೇಲ್ಮೈ

ಹೊಸಕುಂಚ_ಮೈಸೂರು

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿರುವ ಜರ್ಮನ್ ಎಕ್ಸ್‌ಪ್ರೆಷನಿಸ್ಟ್ (ಭಾವ ತೋರಿಸಲು ಬಣ್ಣ, ಆಕಾರಗಳನ್ನು ತಿರುಚುವ) ಚಿತ್ರಕಾರ ಎರ್ನ್‌ಸ್ಟ್ ಲುಡ್ವಿಗ್ ಕಿರ್ಷ್ನರ್‌ನ ‘ಬೀದಿ, ಡ್ರೆಸ್ಡೆನ್’ ಚಿತ್ರದ ಪ್ರತಿಯೊಂದನ್ನು ಎಣ್ಣೆ ಬಣ್ಣದಲ್ಲಿ ಬರೆಯಬೇಕಿದೆ. ಗೋಡೆಯ ಮೇಲೆ ಮೂರೂವರೆ ಅಡಿ ಅಗಲದ ಜಾಗವಿದೆ. ಕ್ಯಾನ್ವಾಸ್ ಯಾವ ಅಳತೆಯದು ತೆಗೆದುಕೊಳ್ಳಲಿ? ಆ ಬೀದಿಯ ಗುಲಾಬಿಯನ್ನು ಯಾವ ಟ್ಯೂಬುಗಳಿಂದ ಮಾಡುವುದು? ಒಂದೊಂದು ವೆಬ್‌ಸೈಟಿನಲ್ಲಿ ಒಂದೊಂದು ಬಣ್ಣ ಕಾಣುತ್ತದೆ. ಕೊನೆಗೆ ವಾರ್ನಿಶ್ ಹೊಡೆಯಬೇಕೋ ಬೇಡವೋ ಅನ್ನುವುದನ್ನೂ ತಿಳಿಸಿ.

ಮೇಣಬಣ್ಣ

ಮೊದಲು ಅಳತೆ. ಮೂಲ ಚಿತ್ರ 150.5 × 200.4 ಸೆಂ.ಮೀ. ಎತ್ತರವನ್ನು ಅಗಲದಿಂದ ಭಾಗಿಸಿದರೆ 0.751 ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ 30 × 40 ಇಂಚಿನ ಕ್ಯಾನ್ವಾಸ್ 0.75. ಅಂದರೆ ವ್ಯತ್ಯಾಸ ಒಂದು ಮಿಲಿಮೀಟರ್ ಅಷ್ಟೆ, ಚಿತ್ರದ ಯಾವ ಅಂಚನ್ನೂ ಕತ್ತರಿಸಬೇಕಿಲ್ಲ. ಅಂಗಡಿಯವರು 24 × 36 ಇಂಚಿನದನ್ನು ಮುಂದೆ ಮಾಡಿದರೆ ತೆಗೆದುಕೊಳ್ಳಬೇಡಿ. 36 ಇಂಚು ಅಗಲಕ್ಕೆ ಎತ್ತರ 27 ಇಂಚು ಬೇಕು, ಅದರಲ್ಲಿ ಮೂರು ಇಂಚು ಹೋಗುತ್ತದೆ. ಆಗ ಒಂದೋ ಮೇಲಿನ ಟೋಪಿಗಳ ಸಾಲು ಇಕ್ಕಟ್ಟಾಗುತ್ತದೆ, ಇಲ್ಲವೇ ಕೆಳಗಿನ ಗುಲಾಬಿ ನೆಲ ಮಾಯವಾಗುತ್ತದೆ. ಈ ಚಿತ್ರದಲ್ಲಿ ನೆಲ ಕಡಿದಾಗಿ ಮೇಲಕ್ಕೆ ಏರುತ್ತದೆ, ಹಿಂದೆ ಟ್ರಾಮ್ ಅಡ್ಡ ನಿಂತು ದಾರಿ ಮುಚ್ಚಿದೆ. ನೆಲವನ್ನು ಕತ್ತರಿಸಿದರೆ ಆ ಉಸಿರುಕಟ್ಟುವ ಇಕ್ಕಟ್ಟೇ ಹೋಗಿಬಿಡುತ್ತದೆ.

30 × 40ರಲ್ಲಿ 5 ಇಂಚಿನ ಚೌಕ ಹಾಕಿದರೆ ಅಡ್ಡಕ್ಕೆ 8, ಉದ್ದಕ್ಕೆ 6, ಒಟ್ಟು 48 ಚೌಕ. ಮುದ್ರಿತ ಚಿತ್ರದ ಮೇಲೂ 8 × 6 ಗೆರೆ ಎಳೆಯಿರಿ. ಇನ್ನೊಂದು ವಿಷಯ ಮರೆಯಬೇಡಿ: ಇದು ಮೂಲದ ಅರ್ಧ ಅಳತೆ, ವಿಸ್ತೀರ್ಣದಲ್ಲಿ ಕಾಲು ಭಾಗ. ಹಾಗಾಗಿ ಕುಂಚದ ಗುರುತೂ ಅರ್ಧವಾಗಬೇಕು. ಮೂಲದಲ್ಲಿ ಒಂದು ಇಂಚು ಅಗಲದ ಎಳೆತ ಇದ್ದಲ್ಲಿ ನಿಮ್ಮದು ಅರ್ಧ ಇಂಚು. ದೊಡ್ಡ ಬ್ರಶ್ ಹಿಡಿದು ‘ಎಕ್ಸ್‌ಪ್ರೆಷನಿಸ್ಟ್ ಅಂದ್ರೆ ಒರಟು’ ಎಂದು ಬಳಿದರೆ ಮುಖಗಳೆಲ್ಲ ಮುದ್ದೆಯಾಗುತ್ತವೆ.

ಧಾರವಾಡದ_ರೇಖೆ

ಚೌಕದ ಗೆರಿ ಪೆನ್ಸಿಲ್‌ನಾಗ ಒತ್ತಿ ಎಳೀಬ್ಯಾಡ್ರಿ. ಎಣ್ಣಿ ಬಣ್ಣ ವರ್ಷ ಕಳದಂಗೆಲ್ಲ ಪಾರದರ್ಶಕ ಆಕ್ಕೋತ ಹೋಗತೈತಿ. ತಿಳಿ ಗುಲಾಬಿ ಅಡಿಯಿಂದ ಗ್ರಾಫೈಟ್ ಗೆರಿ ಮುಂದ ಮ್ಯಾಲೆ ಕಾಣಾಕ ಸುರು ಆಗತೈತಿ. ಬಾಲ್ ಪೆನ್ನು, ಮಾರ್ಕರ್ ಅಂತೂ ಮುಟ್ಟಲೇ ಬ್ಯಾಡ್ರಿ, ಅವು ಬಣ್ಣದೊಳಗ ಇಳದು ಹರಡತಾವು. ಇದ್ದಿಲು ಕಡ್ಡಿಲೆ ತೆಳ್ಳಗ ಎಳದು, ಬಟ್ಟಿಲೆ ಝಾಡಿಸಿ, ಉಳಿದ ಮಸುಕು ಗುರುತಿನ ಮ್ಯಾಲೆ ಕುಂಚದಲೇ ಚಿತ್ರ ಹಾಕ್ರಿ. ಅಲ್ಟ್ರಾಮರೀನ್ ನೀಲಿಗೆ ಚೂರು ವಿರಿಡಿಯನ್ ಹಸಿರು, ಅದಕ್ಕ ಟರ್ಪೆಂಟೈನ್. ಎಣ್ಣಿ ಹಾಕೂದು ಬ್ಯಾಡ. ಅರ್ಧ ದಿನದಾಗ ಮುಟ್ಟುವಂಗ ಒಣಗತೈತಿ.

ಬರ್ಲಿನ್_ಕನ್ನಡತಿ

ಚಿತ್ರದ ಹಿನ್ನೆಲೆ ಸ್ವಲ್ಪ ತಿಳಿದಿದ್ದರೆ ನಕಲು ಮಾಡುವಾಗ ಕೈಗೆ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. 1905ರ ಜೂನ್‌ನಲ್ಲಿ ಡ್ರೆಸ್ಡೆನ್‌ನ ನಾಲ್ವರು ವಾಸ್ತುಶಿಲ್ಪ ವಿದ್ಯಾರ್ಥಿಗಳು, ಅಂದರೆ ಕಿರ್ಷ್ನರ್, ಹೆಕೆಲ್, ಬ್ಲೈಲ್ ಮತ್ತು ಶ್ಮಿಟ್-ರೊಟ್ಲುಫ್, ‘ಬ್ರ್ಯೂಕ’ ಎಂಬ ಗುಂಪು ಕಟ್ಟಿದರು. ಸೇತುವೆ ಎಂದು ಅದರ ಅರ್ಥ. ಅದೇ ವರ್ಷದ ಕೊನೆಯಲ್ಲಿ ಆ ಊರಿನಲ್ಲಿ ವ್ಯಾನ್ ಗೋ ಚಿತ್ರಗಳ ಪ್ರದರ್ಶನ ನಡೆಯಿತು. ನಾರ್ವೆಯ ಚಿತ್ರಕಾರ ಮುಂಕ್‌ನ ಪ್ರಭಾವವೂ ಇವರ ಮೇಲಿದೆ. ಈ ಚಿತ್ರದಲ್ಲಿ ಕಾಣುವುದು ಡ್ರೆಸ್ಡೆನ್‌ನ ಶ್ರೀಮಂತರು ಓಡಾಡುತ್ತಿದ್ದ ಕ್ಯೋನಿಗ್‌ಷ್ಟ್ರಾಸ ಎಂಬ ಬೀದಿ.

ಚಿತ್ರ ಬರೆದದ್ದು 1908ರಲ್ಲಿ. ಅದರ ಮೇಲಿರುವ ಇಸವಿ 1907. ಕಿರ್ಷ್ನರ್‌ಗೆ ತನ್ನ ಚಿತ್ರಗಳಿಗೆ ಹಿಂದಿನ ಇಸವಿ ಹಾಕುವ ರೂಢಿ ಇತ್ತು. ಅದಕ್ಕಿಂತ ಮುಖ್ಯವಾದದ್ದು, 1919ರಲ್ಲಿ ಅವನು ಇದರ ಮೇಲೆ ಮತ್ತೆ ಕೆಲಸ ಮಾಡಿದ. ಆಗ ಅವನಿದ್ದದ್ದು ಸ್ವಿಟ್ಜರ್‌ಲೆಂಡಿನ ದಾವೋಸ್ ಬಳಿ. ಆದ್ದರಿಂದ ನಾವೀಗ ನೋಡುವ ಮೇಲ್ಮೈಯಲ್ಲಿ ಹನ್ನೊಂದು ವರ್ಷದ ಅಂತರದ ಎರಡು ಕೈ ಇದೆ. ಒಂದೆಡೆ ಬಣ್ಣ ಸಮತಲವಾಗಿ ಶಾಂತವಾಗಿದೆ, ಪಕ್ಕದಲ್ಲೇ ಗೆರೆ ಸುತ್ತಿ ಸುಳಿದು ಓಡುತ್ತದೆ. ಪ್ರತಿ ಮಾಡುವವರು ಇವೆರಡನ್ನೂ ಒಂದೇ ಹದಕ್ಕೆ ತಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಆ ಅಸಮತೆ ಚಿತ್ರದ್ದೇ.

ಮೇಣಬಣ್ಣ

ಮೇಡಂ ಹೇಳಿದ್ದು ಬಹಳ ಮುಖ್ಯ. ಅದನ್ನು ಕೆಲಸಕ್ಕೆ ಇಳಿಸುವುದು ಹೀಗೆ: ಮೊದಲ ಸುತ್ತಿನಲ್ಲಿ ಸಮತಲಗಳನ್ನು ಮಾತ್ರ ತುಂಬಿ, ಗೆರೆಗಳ ಜಾಗ ಖಾಲಿ ಬಿಡಿ. ಅದು ಒಣಗಿದ ಮೇಲೆ ಎರಡನೇ ಸುತ್ತು. ಎರಡು ಕೈ ಬೇರೆ ಬೇರೆ ದಿನ ಕೆಲಸ ಮಾಡಿದಂತೆ ತಾನಾಗೇ ಕಾಣುತ್ತದೆ.

ಇನ್ನು ನೆಲೆ, ಅಂದರೆ ಬಣ್ಣದ ಅಡಿಯಲ್ಲಿ ಹಚ್ಚುವ ಪದರ. ಸಿದ್ಧ ಕ್ಯಾನ್ವಾಸಿನ ಅಕ್ರಿಲಿಕ್ ಪ್ರೈಮರ್ ಎಷ್ಟೋ ಸಲ ಪ್ಲಾಸ್ಟಿಕ್ಕಿನ ಹಾಗೆ ಜಾರುತ್ತದೆ. ಬಣ್ಣ ಮೇಲೇ ಕೂತು ಹೊಳೆಯುತ್ತದೆ. ಕಿರ್ಷ್ನರ್ ಎಣ್ಣೆ ಹೀರುವ ನೆಲೆಯನ್ನು ಇಷ್ಟಪಡುತ್ತಿದ್ದವನು. ಆದ್ದರಿಂದ ಅಕ್ರಿಲಿಕ್ ಗೆಸ್ಸೋ (ಬಿಳಿ ಪ್ರೈಮರ್) 4 ಭಾಗಕ್ಕೆ ಸೋಸಿದ ಚಾಕ್ ಪೌಡರ್ 1 ಭಾಗ ಬೆರೆಸಿ. ಪುಡಿಯನ್ನು ಮೊದಲು ನೀರಲ್ಲಿ ಕಲಸಿ ಗಂಟು ಒಡೆದುಕೊಂಡು ಆಮೇಲೆ ಗೆಸ್ಸೋಗೆ ಹಾಕಬೇಕು. ಒಂದು ಕೋಟು ಅಡ್ಡ, ಒಂದು ಉದ್ದ. ನಡುವೆ 220 ನಂಬರಿನ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ. ಪರೀಕ್ಷೆ ಸುಲಭ: ಒಣಗಿದ ಮೇಲೆ ಒಂದು ಹನಿ ನೀರು ಬಿಡಿ. ಅರ್ಧ ನಿಮಿಷದಲ್ಲಿ ಅಂಚು ಹರಡಿ ಒಳಗಿಳಿಯುವಂತಿದ್ದರೆ ಸರಿ. ಮುತ್ತಿನ ಹಾಗೆ ನಿಂತರೆ ಇನ್ನೊಂದು ಕೋಟು. ಬಿಟ್ಟ ಕೂಡಲೇ ಮಾಯವಾದರೆ ಚಾಕ್ ಜಾಸ್ತಿಯಾಗಿದೆ. ಆ ನೆಲೆ ಬಣ್ಣದ ಎಣ್ಣೆಯನ್ನೆಲ್ಲ ಕುಡಿದು, ಕೊನೆಗೆ ಬಣ್ಣ ಪುಡಿಪುಡಿಯಾಗಿ ಬೆರಳಿಗೆ ಅಂಟುತ್ತದೆ.

ಹೊಸಕುಂಚ_ಮೈಸೂರು

ತುಂಬಾ ಉಪಕಾರವಾಯಿತು. ಗುಲಾಬಿ ಬಗ್ಗೆ ಹೇಳಿ. ನನ್ನ ಹತ್ತಿರ ಅಲಿಜರಿನ್ ಕ್ರಿಮ್ಸನ್ ಮತ್ತು ಟೈಟಾನಿಯಂ ವೈಟ್ ಇದೆ, ಅಷ್ಟು ಸಾಕೇ?

ಮೇಣಬಣ್ಣ

ಸಾಲದು, ಎರಡು ಕಾರಣಕ್ಕೆ. ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಪಿಗ್ಮೆಂಟ್ ಸಂಖ್ಯೆ ಇರುತ್ತದೆ, ಹೆಸರು ನೋಡಬೇಡಿ, ಆ ಸಂಖ್ಯೆ ನೋಡಿ. ಅಲಿಜರಿನ್ ಅಂದರೆ ಪಿ.ಆರ್. 83. ದಪ್ಪಗೆ ಹಚ್ಚಿದರೆ ತಡೆದುಕೊಳ್ಳುತ್ತದೆ, ಬಿಳಿ ಬೆರೆಸಿ ತಿಳಿ ಮಾಡಿದರೆ ಬೆಳಕಿಗೆ ಬಿಳಚಿಕೊಳ್ಳುತ್ತದೆ. ಈ ಚಿತ್ರದಲ್ಲಿ ಬೇಕಾಗಿರುವುದು ತಿಳಿಯೇ. ಕಿಟಕಿ ಎದುರಿನ ಗೋಡೆಯಾದರೆ ಬೀದಿ ನಿಧಾನವಾಗಿ ಬೂದಿಯಾಗುತ್ತದೆ. ಅದರ ಬದಲು ಕ್ವಿನಾಕ್ರಿಡೋನ್ ರೋಸ್, ಪಿ.ವಿ. 19. ಈ ಪಿಗ್ಮೆಂಟ್ ಮಾರುಕಟ್ಟೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ, ಕಿರ್ಷ್ನರ್‌ನ ಕಾಲದ್ದಲ್ಲ. ಆದರೂ ಗೋಡೆಗೆ ಹಾಕುವ ಪ್ರತಿಗೆ ಬಾಳಿಕೆ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಬಿಳಿ. 1908ರಲ್ಲಿ ಟೈಟಾನಿಯಂ ವೈಟ್ ಕಲಾವಿದರ ಕೈಗೆ ಬಂದಿರಲಿಲ್ಲ. ಆಗ ಇದ್ದದ್ದು ಸೀಸದ ಬಿಳಿ ಮತ್ತು ಜಿಂಕ್ ಬಿಳಿ. ಸೀಸದ್ದು ವಿಷ, ಮನೆಯಲ್ಲಿ ಬೇಡ. ಬರೀ ಜಿಂಕ್ ಹಾಕಿದರೆ ಪದರ ಗಡುಸಾಗಿ, ಮುಂದೆ ಬಿರುಕು ಬಿಟ್ಟು ಕಳಚುತ್ತದೆ. ಹಾಗಾಗಿ ಟೈಟಾನಿಯಂ ಅನಿವಾರ್ಯ. ಆದರೆ ಅದು ಯಾವ ಬಣ್ಣವನ್ನೂ ತಣ್ಣಗೆ, ಸುಣ್ಣದ ಹಾಗೆ ಮಾಡುತ್ತದೆ. ಅದನ್ನು ಸರಿದೂಗಿಸಲು ಚೂರು ಕಿತ್ತಳೆ ಬೇಕು.

ಶುರುವಿಗೆ: ಟೈಟಾನಿಯಂ 10 ಭಾಗ, ಪಿ.ವಿ. 19 ಒಂದು ಭಾಗ, ಕ್ಯಾಡ್ಮಿಯಂ ಆರೆಂಜ್ ಕಾಲು ಭಾಗ. ಇದು ನಡುವಿನ ಗುಲಾಬಿ. ಇದರಿಂದಲೇ ಇನ್ನೆರಡು ತೆಗೆಯಿರಿ. ಒಂದಕ್ಕೆ ಬಿಳಿ ಇನ್ನಷ್ಟು, ಇನ್ನೊಂದಕ್ಕೆ ಪಿ.ವಿ. 19 ಇನ್ನಷ್ಟು. ಮೂರನ್ನೂ ಪ್ರೈಮರ್ ಹಚ್ಚಿದ ರಟ್ಟಿನ ಚೂರಿಗೆ ಹಚ್ಚಿ ನಾಲ್ಕು ದಿನ ಬಿಡಿ. ಹೀರುವ ನೆಲೆಯ ಮೇಲೆ ಬಣ್ಣ ಒಣಗುವಾಗ ಒಂದು ಮೆಟ್ಟಿಲು ಮಂಕಾಗುತ್ತದೆ. ಹಸಿ ಬಣ್ಣವನ್ನು ಚಿತ್ರದ ಪಕ್ಕ ಹಿಡಿದು ‘ಸರಿಹೋಯಿತು’ ಅಂದುಕೊಂಡರೆ ಒಣಗಿದ ಮೇಲೆ ಬೇಜಾರಾಗುವುದು ಖಂಡಿತ.

ಪ್ರಮಾಣದ ಲೆಕ್ಕವನ್ನೂ ಕೊಡುತ್ತೇನೆ. 30 × 40 ಇಂಚು ಅಂದರೆ ಸುಮಾರು 7,740 ಚದರ ಸೆಂ.ಮೀ. 0.1 ಮಿ.ಮೀ. ದಪ್ಪದ ಒಂದು ಪದರಕ್ಕೆ 77 ಮಿ.ಲೀ. ಬಣ್ಣ. ಗುಲಾಬಿ ಮೂರನೇ ಒಂದು ಭಾಗ ಅಂತ ಹಿಡಿದರೂ ಪದರಕ್ಕೆ 26 ಮಿ.ಲೀ., ಎರಡು ಪದರಕ್ಕೆ 52. ಚಾಕುವಿಗೆ, ಪ್ಯಾಲೆಟ್‌ಗೆ ಅಂಟಿ ಹೋಗುವುದನ್ನೂ ಸೇರಿಸಿ 65 ಮಿ.ಲೀ. ಒಂದೇ ಸಲ ಕಲಸಿ. ನಡುವೆ ಮುಗಿದು ಮತ್ತೆ ಕಲಸಿದರೆ ಅದೇ ಬಣ್ಣ ಬರುವುದಿಲ್ಲ, ಸೇರುವ ಜಾಗ ತೇಪೆ ಹಾಕಿದ ಹಾಗೆ ಕಾಣುತ್ತದೆ. ಉಳಿದದ್ದನ್ನು ಸಣ್ಣ ಡಬ್ಬಿಗೆ ತುಂಬಿ, ಮೇಲ್ಮೈಗೆ ಅಂಟುವಂತೆ ಪ್ಲಾಸ್ಟಿಕ್ ಹಾಳೆ ಒತ್ತಿ ಗಾಳಿ ಇಲ್ಲದಂತೆ ಮುಚ್ಚಿಡಿ. ವಾರಗಟ್ಟಲೆ ಇರುತ್ತದೆ.

ಕರಾವಳಿ_ಕ್ಯಾನ್ವಾಸ್

ವೆಬ್‌ಸೈಟಿಗೊಂದು ಬಣ್ಣ ಕಾಣುವುದಕ್ಕೆ ಪರಿಹಾರ ಉಂಟು ಮಾರಾಯ್ರೆ. ಮ್ಯೂಸಿಯಂನದ್ದೇ ಪುಟದ ಚಿತ್ರವನ್ನು ಆಧಾರ ಮಾಡಿಕೊಳ್ಳಿ, ಪೋಸ್ಟರ್ ಮಾರುವವರದ್ದು ಬೇಡ. ಅವರು ಕೆಂಪನ್ನು ಏರಿಸಿ ಇಟ್ಟಿರ್ತಾರೆ. ಫೋನಿನ ಪರದೆಯಲ್ಲಿ ‘ವಿವಿಡ್’ ಬಣ್ಣ, ರಾತ್ರಿಯ ಹಳದಿ ಛಾಯೆ ಎರಡನ್ನೂ ಆರಿಸಿ. ಮುದ್ರಣ ತೆಗೆದರೆ ಗುಲಾಬಿಯೇ ಮೊದಲು ಕೆಡುವುದು, ಅದನ್ನು ಆಕಾರಕ್ಕೆ ಮಾತ್ರ ಇಟ್ಟುಕೊಳ್ಳಿ. ಕೆಲಸದ ಜಾಗದಲ್ಲಿ 5000 ಕೆಲ್ವಿನ್‌ನ (ಹಗಲಿನಂಥ ಬಿಳಿ ಬೆಳಕಿನ), ಸಿ.ಆರ್.ಐ. (ಬಣ್ಣ ಎಷ್ಟು ನಿಜವಾಗಿ ಕಾಣ್ತದೆ ಅನ್ನುವ ಅಳತೆ) 90ಕ್ಕೆ ಮೇಲ್ಪಟ್ಟ ದೀಪ ಬೇಕು. ಹಳದಿ ಬಲ್ಬಿನಡಿ ಕಲಸಿದ ಗುಲಾಬಿ ಬೆಳಿಗ್ಗೆ ನೋಡುವಾಗ ನೇರಳೆಗೆ ತಿರುಗಿರ್ತದೆ.

ಗ್ಯಾಲರಿ_ಗೋಡೆ

ಇಷ್ಟೆಲ್ಲ ಆದ ಮೇಲೆ ಗ್ಲಾಸ್, ಅಂದರೆ ಹೊಳಪಿನ, ವಾರ್ನಿಶ್ ಒಂದು ಕೋಟು ಹೊಡೆದರೆ ಬಣ್ಣ ಎದ್ದು ಕಾಣುತ್ತದೆ. ಗಿರಾಕಿಗಳು ಕೇಳುವುದೂ ಅದನ್ನೇ. ಧೂಳಿನಿಂದ ರಕ್ಷಣೆಯೂ ಆಯಿತು. ಯಾಕೆ ಬೇಡ?

ಬರ್ಲಿನ್_ಕನ್ನಡತಿ

ಬೇಡ ಸರ್, ದಯವಿಟ್ಟು. ಬ್ರ್ಯೂಕ ಚಿತ್ರಕಾರರು ಬೇಕೆಂದೇ ವಾರ್ನಿಶ್ ಬಿಟ್ಟವರು. 1909–10ರ ಸುಮಾರಿಗೆ ಅವರು ಎಣ್ಣೆ ಬಣ್ಣವನ್ನು ಪೆಟ್ರೋಲಿನಂಥ ದ್ರಾವಕದಲ್ಲಿ ತೆಳುಮಾಡಿ, ಬೇಗ ಒಣಗುವ, ಹೊಳಪಿಲ್ಲದ ಪದರ ಬರುವಂತೆ ಬಳಸತೊಡಗಿದರು. ಕಿರ್ಷ್ನರ್ ಮೇಣವನ್ನೂ ಬೆರೆಸುತ್ತಿದ್ದ. ಇಲ್ಲಿ ಬರ್ಲಿನ್‌ನ ಬ್ರ್ಯೂಕ ಮ್ಯೂಸಿಯಂನಲ್ಲಿ ಆ ಗುಂಪಿನ ಚಿತ್ರಗಳ ಎದುರು ನಿಂತರೆ ಮೊದಲು ಕಣ್ಣಿಗೆ ಬೀಳುವುದೇ ಆ ಒಣ, ಮೆತ್ತನೆಯ ಮೇಲ್ಮೈ. ಬಣ್ಣ ಗೋಡೆಗೆ ಬಳಿದ ಕಾವಿಯ ಹಾಗೆ ಬೆಳಕನ್ನು ಹೀರಿಕೊಂಡು ನಿಲ್ಲುತ್ತದೆ. ಗ್ಲಾಸ್ ವಾರ್ನಿಶ್ ಹೊಡೆದರೆ ಗಾಢ ನೀಲಿ, ಹಸಿರು ಭಾಗಗಳು ಆಳವಾಗಿ ಹಿಂದೆ ಸರಿಯುತ್ತವೆ, ಗುಲಾಬಿ ಮುಂದೆ ಬರುತ್ತದೆ. ಚಪ್ಪಟೆಯಾಗಿ ಮುಖಕ್ಕೆ ಒತ್ತಿ ಬರಬೇಕಾದ ಚಿತ್ರದಲ್ಲಿ ಇಲ್ಲದ ಆಳ ಹುಟ್ಟಿಕೊಳ್ಳುತ್ತದೆ. ಜೊತೆಗೆ ಮೂರೂವರೆ ಅಡಿ ಅಗಲದ ಗೋಡೆಯ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ.

ಧೂಳಿಗೆ ಹೆದರಿದರೆ ಚೌಕಟ್ಟಿಗೆ ಪ್ರತಿಫಲನ ಕಡಿಮೆ ಇರುವ ಅಕ್ರಿಲಿಕ್ ಹಾಳೆ ಹಾಕಿಸಿ. ಹಾಳೆಗೂ ಬಣ್ಣಕ್ಕೂ ನಡುವೆ ಕನಿಷ್ಠ 5 ಮಿ.ಮೀ. ಸಂದು ಇರಲಿ.

ಮೇಣಬಣ್ಣ

ಪೆಟ್ರೋಲು ಅಂದ ಕೂಡಲೇ ಬಂಕಿಗೆ ಹೋಗಬೇಡಿ. ಇಂದಿನ ಪೆಟ್ರೋಲಿನಲ್ಲಿ ಬೆಂಜೀನ್ ಇದೆ, ಇನ್ನೂ ಏನೇನೋ ಸೇರಿಕೆಗಳಿವೆ. ಆರೋಗ್ಯಕ್ಕೆ ಕೆಟ್ಟದ್ದು, ಬೆಂಕಿ ಹೊತ್ತಿಕೊಳ್ಳುವುದೂ ಬೇಗ, ಬಣ್ಣದಲ್ಲಿ ಜಿಡ್ಡೂ ಉಳಿಯುತ್ತದೆ. ಅದೇ ಮೇಲ್ಮೈ ತರಲು ಬೇರೆ ದಾರಿ ಇದೆ.

ಟ್ಯೂಬ್ ಬಣ್ಣವನ್ನು ಒರಟು ಕಂದು ಕಾಗದದ ಮೇಲೆ ಹಿಂಡಿ, ಗಂಟೆ-ಒಂದೂವರೆ ಗಂಟೆ ಬಿಡಿ. ಹೆಚ್ಚಿನ ಎಣ್ಣೆ ಕಾಗದಕ್ಕೆ ಇಳಿದು ಸುತ್ತ ಉಂಗುರ ಮೂಡುತ್ತದೆ. ಆ ಬಣ್ಣವನ್ನು ಕೆರೆದು ತೆಗೆದುಕೊಂಡು ಮೇಣದ ಮಿಶ್ರಣ ಸೇರಿಸಿ. ಮಿಶ್ರಣಕ್ಕೆ ಜೇನುಮೇಣ 1 ಭಾಗ, ಟರ್ಪೆಂಟೈನ್ 3 ಭಾಗ, ತೂಕದ ಲೆಕ್ಕ. ಒಂದು ಪಾತ್ರೆಯಲ್ಲಿ ಬಿಸಿನೀರು, ಅದರೊಳಗೆ ಇನ್ನೊಂದು ಪಾತ್ರೆ. ಮೇಣ ಸುಮಾರು 63 ಡಿಗ್ರಿಗೆ ಕರಗುತ್ತದೆ. ಒಲೆ ಆರಿಸಿ, ಪಾತ್ರೆಯನ್ನು ಹೊರಗಡೆ ಒಯ್ದ ಮೇಲೆ ಟರ್ಪೆಂಟೈನ್ ಹಾಕಬೇಕು, ಉರಿಯ ಹತ್ತಿರ ಎಂದೂ ಅಲ್ಲ. ಆರಿದಾಗ ಬೆಣ್ಣೆಯ ಹದಕ್ಕೆ ಬರುತ್ತದೆ. ಬಣ್ಣ 8 ಚಮಚಕ್ಕೆ ಇದು 1 ಚಮಚ ಸಾಕು. ಜಾಸ್ತಿ ಹಾಕಿದರೆ ಪದರ ಮೆತ್ತಗಾಗಿ ಬೇಸಿಗೆಯಲ್ಲಿ ಧೂಳು ಹಿಡಿಯುತ್ತದೆ, ಉಗುರು ತಾಗಿದರೆ ಗೀರು ಬೀಳುತ್ತದೆ.

ಎಣ್ಣೆ ಅತಿಯಾಗಿ ತೆಗೆದಿದ್ದೀರೋ ಎಂದು ನೋಡಲು, ಒಣಗಿದ ಪರೀಕ್ಷಾ ರಟ್ಟಿನ ಮೇಲೆ ಒಣ ಹತ್ತಿ ಉಜ್ಜಿ. ಹತ್ತಿಗೆ ಬಣ್ಣ ಬಂದರೆ ಮುಂದಿನ ಸಲ ಕಾಗದದ ಮೇಲೆ ಅರ್ಧ ಗಂಟೆ ಮಾತ್ರ ಬಿಡಿ.

ಇನ್ನೊಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದರೊಳಗೆ ಶಾಖ ಹುಟ್ಟಿ ತಾನಾಗೇ ಹೊತ್ತಿಕೊಳ್ಳುತ್ತದೆ. ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ.

ಧಾರವಾಡದ_ರೇಖೆ

ಈಗ ಗೆರಿ ಬಗ್ಗೆ ಹೇಳತೀನ್ರಿ. ಬಣ್ಣಾ ಹೆಂಗರ ಮಾಡಿ ಕೂಡಿಸಬಹುದು, ಗೆರಿ ಸತ್ತರ ಚಿತ್ರಾನ ಸತ್ತಂಗ.

ಈ ಚಿತ್ರದಾಗ ಮಂದಿ ಸುತ್ತ ಇರೂ ಗೆರಿ ಒಂದಕ್ಕೊಂದು ಸುತ್ತಿಕೊಂಡು ಹರೀತಾವು. ನಟ್ಟನಡುವ ನಿಂತ ಹುಡುಗಿ ನೋಡ್ರಿ, ಟೋಪಿ ಮುಂದ ಕೂಸು ಕಾಣೂದ ಇಲ್ಲ, ಅಷ್ಟು ದೊಡ್ಡ ಟೋಪಿ. ಆ ಟೋಪಿ ಅಂಚು ಒಂದ ಉಸಿರಿನಾಗ ಎಳದಂಗ ಐತಿ. ಅದನ್ನ ತುಂಡು ತುಂಡು ಮಾಡಿ, ಚೌಕಕ್ಕ ಚೌಕ ಜೋಡಿಸಿ ಎಳದ್ರ ಪ್ರತಿ ಚೌಕದ ಗಡಿಯಾಗ ಗೆರಿ ಮುರೀತೈತಿ. ದೂರದಿಂದ ನೋಡಿದವರಿಗೂ ಗೊತ್ತಾಗತೈತಿ. ಚೌಕ ಜಾಗಾ ತೋರಸಾಕ ಅಷ್ಟ, ಎಳಿಯಾಕ ಅಲ್ಲ.

ಮಾಡೂದು ಹಿಂಗ. ಕಂದು ಹಾಳಿ ಮ್ಯಾಲೆ ಅದ ಅಳತಿಯ ಟೋಪಿ ಹತ್ತು ಸಲ ಕುಂಚದಲೇ ಎಳೀರಿ. ಕ್ಯಾನ್ವಾಸ್ ನೆಟ್ಟಗ ನಿಂತಿರಬೇಕು, ಮಣಿಕಟ್ಟು ಅಲ್ಲಾಡಬಾರದು, ಭುಜದಿಂದ ಕೈ ಬರಬೇಕು. ಬಣ್ಣ ದ್ವಾಸಿ ಹಿಟ್ಟಿನ ಹದಕ್ಕ ಇರಲಿ. ದಪ್ಪ ಇದ್ರ ನಡುವ ಕುಂಚ ಒಣಗಿ ಗೆರಿ ಕಡೀತೈತಿ, ನೀರಾದ್ರ ಕೆಳಗ ಇಳೀತೈತಿ. ಉದ್ದ ಕೂದಲಿನ ಸಣ್ಣ ರಿಗ್ಗರ್ ಬ್ರಶ್ ಬ್ಯಾಡ, ಅದರಾಗ ಗೆರಿ ತಂತಿ ಹಂಗ ಒಂದ ಸಮ ಬರತೈತಿ. ಹಂದಿ ಕೂದಲಿನ 4 ನಂಬರ್ ಫಿಲ್ಬರ್ಟ್ (ತುದಿ ದುಂಡಗಿರೂ ಚಪ್ಪಟಿ ಬ್ರಶ್) ತಗೋರಿ. ತಿರುಗಿಸಿದಂಗ ದಪ್ಪ ಆಗತೈತಿ, ತೆಳ್ಳಗ ಆಗತೈತಿ. ತಪ್ಪಿದ್ರ ತಿದ್ದಬ್ಯಾಡ್ರಿ, ಒಣ ಬಟ್ಟಿಲೆ ಪೂರಾ ಒರಸಿ ಮತ್ತ ಎಳೀರಿ. ಕೆಳಗಿನ ಬಣ್ಣ ಒಣಗಿದ್ರಷ್ಟ ಇದು ಆಗೂದು.

ಮೇಣಬಣ್ಣ

ಕೊನೆಯ ಮಾತನ್ನು ಒತ್ತಿ ಹೇಳುತ್ತೇನೆ. ಹಸಿ ಗುಲಾಬಿಯ ಮೇಲೆ ಹಸಿರು ಗೆರೆ ಎಳೆದರೆ ಎರಡೂ ಒಂದಕ್ಕೊಂದು ಎದುರು ಬಣ್ಣ, ಕುಂಚದಡಿಯಲ್ಲೇ ಕೆಸರು ಬೂದು ಆಗುತ್ತದೆ. ಬೆರಳು ಒತ್ತಿದರೆ ಅಂಟಬಾರದು, ಅಲ್ಲಿಯವರೆಗೆ ಕಾಯಿರಿ. ಒಣ ಹವೆಯಲ್ಲಿ ಮೂರರಿಂದ ಐದು ದಿನ. ಕ್ಯಾಡ್ಮಿಯಂ ಮತ್ತು ಕ್ವಿನಾಕ್ರಿಡೋನ್ ನಿಧಾನ, ಇನ್ನೂ ಎರಡು ದಿನ ಹೆಚ್ಚು. ಗೆರೆಯ ಬಣ್ಣಕ್ಕೆ ಮಾತ್ರ ನಾಲ್ಕೈದು ಹನಿ ಅಗಸೆ ಎಣ್ಣೆ ಸೇರಿಸಿ. ಕೆಳಗಿನದಕ್ಕಿಂತ ಮೇಲಿನ ಪದರದಲ್ಲಿ ಎಣ್ಣೆ ಜಾಸ್ತಿ ಇರಬೇಕು, ತಿರುವು ಮುರುವಾದರೆ ಬಿರುಕು.

ಮುಖಗಳ ವಿಷಯ. ಬಲಗಡೆ ಇಬ್ಬರು ಹೆಂಗಸರು, ಒಬ್ಬಳು ಪರ್ಸನ್ನು ಬಿಗಿಯಾಗಿ ಹಿಡಿದಿದ್ದಾಳೆ, ಇನ್ನೊಬ್ಬಳು ಲಂಗವನ್ನು. ಮುಖ ಮುಖವಾಡದ ಹಾಗೆ. ಪ್ರತಿಗಳು ಹೆಚ್ಚು ಕೆಡುವುದು ಇಲ್ಲೇ. ನಮ್ಮ ಕೈ ನಮಗೇ ತಿಳಿಯದಂತೆ ಕಣ್ಣುಗಳನ್ನು ಒಂದೇ ಸಾಲಿಗೆ ತರುತ್ತದೆ, ತುಟಿಗೆ ಸಣ್ಣ ನಗು ಕೊಡುತ್ತದೆ, ಪರ್ಸ್ ಹಿಡಿದ ಕೈಗೆ ಐದು ಚೆಂದದ ಬೆರಳು ಬರೆಯುತ್ತದೆ. ಆ ಕೈ ಸಡಿಲವಾದರೆ ಆ ಹೆಂಗಸಿನ ಆತಂಕವೇ ಹೋಯಿತು. ಇದಕ್ಕೆ ಉಪಾಯ: ಮುಖ ಮತ್ತು ಕೈ ಬರೆಯುವಾಗ ಮಾದರಿ ಚಿತ್ರವನ್ನೂ ಕ್ಯಾನ್ವಾಸನ್ನೂ ತಲೆಕೆಳಗೆ ಇಡಿ. ಆಗ ಮುಖ ಕಾಣುವುದಿಲ್ಲ, ಬಣ್ಣದ ತುಂಡುಗಳು ಕಾಣುತ್ತವೆ, ಇದ್ದದ್ದನ್ನು ಇದ್ದ ಹಾಗೆ ಇಡುತ್ತೀರಿ. ತುಂಡುಗಳ ನಡುವೆ ಮೆದು ಮಾಡಿ ಬೆರೆಸಬೇಡಿ, ಅಂಚು ಅಂಚಾಗಿಯೇ ಇರಲಿ.

ಕರಾವಳಿ_ಕ್ಯಾನ್ವಾಸ್

ಮಂಗಳೂರು, ಉಡುಪಿ ಕಡೆಯವರು ಇದನ್ನು ಓದ್ತಾ ಇದ್ದರೆ ಮೂರರಿಂದ ಐದು ದಿನ ಅನ್ನುವುದನ್ನು ಜೂನ್‌ನಿಂದ ಸೆಪ್ಟೆಂಬರಿಗೆ ನಂಬಬೇಡಿ. ಮಳೆಗಾಲದಲ್ಲಿ ಎರಡು ಪಟ್ಟು ಹಿಡೀತದೆ. ಚಿತ್ರವನ್ನು ಕತ್ತಲೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟರೆ ಎಣ್ಣೆ ಹಳದಿಗೆ ತಿರುಗ್ತದೆ, ಕ್ಯಾನ್ವಾಸಿನ ಹಿಂಬದಿಗೆ ಬೂಷ್ಟು ಬರ್ತದೆ. ಬೆಳಕಿರುವ, ಫ್ಯಾನ್ ತಿರುಗುವ ಕೋಣೆ ಒಳ್ಳೆಯದು, ಆದರೆ ಗಾಳಿ ನೇರ ಚಿತ್ರಕ್ಕೆ ಬಡಿಯಬಾರದು, ಧೂಳು ಕೂರ್ತದೆ. ತೂಗುಹಾಕುವಾಗ ಚೌಕಟ್ಟಿನ ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸಿ, ಗೋಡೆಯಿಂದ ಅರ್ಧ ಇಂಚು ದೂರ ನಿಲ್ಲಲಿ. ಚೌಕಟ್ಟಿಗೆ ಕೆತ್ತನೆ, ಚಿನ್ನದ ಹೂಬಳ್ಳಿ ಯಾವುದೂ ಬೇಡ, ಅಗಲವಾದ ಸಪಾಟು ಪಟ್ಟಿ ಸಾಕು.

ಕ್ಯಾನ್ವಾಸ್ ಜೋಲು ಬಿದ್ದರೆ ಹಿಂದಿನಿಂದ ನೀರು ಹಾಕಿ ಬಿಗಿ ಮಾಡುವ ಪದ್ಧತಿ ಉಂಟಲ್ಲ, ಚಾಕ್ ಬೆರೆಸಿದ ನೆಲೆಗೆ ಅದು ಆಗುವುದಿಲ್ಲ. ಮೂಲೆಯ ಬೆಣೆಗಳನ್ನು ಹಗುರವಾಗಿ ತಟ್ಟಿ.

ಗ್ಯಾಲರಿ_ಗೋಡೆ

ವಾರ್ನಿಶ್ ವಿಷಯ ಒಪ್ಪಿದೆ, ಸಂದಿನ ಮಾತೂ ಸರಿ. ಬರೆಯಲು ಬಾರದೆ ಆನ್‌ಲೈನಿನಲ್ಲಿ ‘ಕೈಯಲ್ಲಿ ಬರೆದದ್ದು’ ಎಂದು ಕೊಳ್ಳುವವರಿಗಾಗಿ ಒಂದಿಷ್ಟು. ಎಷ್ಟೋ ಕಡೆ ಬರುವುದು ಕ್ಯಾನ್ವಾಸ್ ಮೇಲಿನ ಮುದ್ರಣ, ಅದರ ಮೇಲೆ ಬಣ್ಣವಿಲ್ಲದ ಜೆಲ್‌ನಿಂದ ಕುಂಚದ ಗುರುತು. ಚಿನಿವಾರರು ಬಳಸುವ 10 ಪಟ್ಟಿನ ಭೂತಗನ್ನಡಿಯಲ್ಲಿ ಗುಲಾಬಿ ಭಾಗ ನೋಡಿ. ಸಣ್ಣ ಚುಕ್ಕಿಗಳು ಕಂಡರೆ ಮುದ್ರಣ. ಬೆಳಕನ್ನು ಪಕ್ಕದಿಂದ ಬಿಟ್ಟು ನೋಡಿ. ಉಬ್ಬು ಒಂದು ದಿಕ್ಕಿಗೆ, ಬಣ್ಣದ ಎಳೆತ ಇನ್ನೊಂದು ದಿಕ್ಕಿಗೆ ಹೋಗುತ್ತಿದ್ದರೆ ಅದು ಜೆಲ್. ಕೊಳ್ಳುವ ಮುಂಚೆ ಪಕ್ಕದ ಬೆಳಕಿನ ಫೋಟೋ, ಹಿಂಬದಿಯ ಫೋಟೋ ಎರಡನ್ನೂ ಕೇಳಿ. ಸುತ್ತಿ ಕಳಿಸುವುದಾದರೆ ಬಣ್ಣದ ಬದಿ ಹೊರಗೆ ಇರಬೇಕು, ಕೊಳವೆಯ ವ್ಯಾಸ ಕನಿಷ್ಠ 15 ಸೆಂ.ಮೀ. ಬಣ್ಣ ಒಳಗೆ ಮಾಡಿ ಬಿಗಿಯಾಗಿ ಸುತ್ತಿದರೆ ಪದರ ಮಡಿಚಿ ಗೆರೆ ಬೀಳುತ್ತದೆ.

ಹೊಸಕುಂಚ_ಮೈಸೂರು

ಎಲ್ಲವನ್ನೂ ಬರೆದಿಟ್ಟುಕೊಂಡೆ. ಕೊನೆಯ ಪ್ರಶ್ನೆ: ಮೂಲದಲ್ಲಿರುವ ಕಿರ್ಷ್ನರ್‌ನ ಸಹಿಯನ್ನೂ ಬರೆಯಬೇಕೇ? ಕಾನೂನಿನ ತೊಂದರೆ ಏನಾದರೂ ಇದೆಯೇ?

ಬರ್ಲಿನ್_ಕನ್ನಡತಿ

ಕಿರ್ಷ್ನರ್ ತೀರಿಕೊಂಡದ್ದು 1938ರ ಜೂನ್‌ನಲ್ಲಿ. ಭಾರತದಲ್ಲಿ ಹಕ್ಕುಸ್ವಾಮ್ಯ ಕರ್ತೃ ತೀರಿಕೊಂಡ ಮೇಲೆ 60 ವರ್ಷ, ಅದು ಯಾವತ್ತೋ ಮುಗಿದಿದೆ. ಜರ್ಮನಿಯಲ್ಲಿ 70 ವರ್ಷ, 2008ರ ಕೊನೆಗೆ ಮುಗಿಯಿತು. ಪ್ರತಿ ಮಾಡುವುದಕ್ಕೆ ಅಡ್ಡಿಯಿಲ್ಲ. ಸಹಿ ಮಾತ್ರ ಬೇಡ. ಸಹಿ ಇರುವ ಪ್ರತಿ ಕೈಯಿಂದ ಕೈಗೆ ಹೋಗಿ ಮುಂದೊಂದು ದಿನ ಮೂಲವೆಂದು ಮಾರಾಟವಾದೀತು. ಅರ್ಧ ಅಳತೆಯಲ್ಲಿ ಮಾಡುತ್ತಿರುವುದೂ ಈ ದೃಷ್ಟಿಯಿಂದ ಒಳ್ಳೆಯದು.

ಮೇಣಬಣ್ಣ

ಹಿಂಬದಿಯಲ್ಲಿ ಬರೆಯುವುದು ಕಾಗದದ ಚೀಟಿಯ ಮೇಲಲ್ಲ, ಅದು ಕಳಚುತ್ತದೆ. ಕ್ಯಾನ್ವಾಸಿನ ಬಟ್ಟೆಯ ಮೇಲೂ ಬೇಡ, ಶಾಯಿ ಮುಂದಕ್ಕೆ ಇಳಿದೀತು. ಮರದ ಪಟ್ಟಿಯ ಮೇಲೆ, ಮೃದು ಪೆನ್ಸಿಲ್‌ನಲ್ಲಿ: ‘ಕಿರ್ಷ್ನರ್‌ನ ಬೀದಿ, ಡ್ರೆಸ್ಡೆನ್ ಚಿತ್ರದ ಪ್ರತಿ, 76 × 102 ಸೆಂ.ಮೀ.’, ಕೆಳಗೆ ನಿಮ್ಮ ಹೆಸರು, ಇಸವಿ. ಅದರ ಕೆಳಗೆ ಬಳಸಿದ ಪಿಗ್ಮೆಂಟ್ ಸಂಖ್ಯೆಗಳು, ಮೇಣದ ಪ್ರಮಾಣ, ‘ವಾರ್ನಿಶ್ ಇಲ್ಲ, ಹೊಡೆಯಬಾರದು’ ಎಂಬ ಸಾಲು. ಹತ್ತು ವರ್ಷದ ಮೇಲೆ ಚಿತ್ರ ಶುಚಿ ಮಾಡಲು ಯಾರಾದರೂ ತಿರುಗಿಸಿ ನೋಡಿದಾಗ ಟರ್ಪೆಂಟೈನ್ ಬಟ್ಟೆ ಕೈಗೆತ್ತಿಕೊಳ್ಳುವ ಮೊದಲು ಅವರಿಗೆ ಮೇಣ ಇದೆ ಎಂದು ಗೊತ್ತಾಗಬೇಕು.